ಸೆನ್ಸರ್ ಕೊಳ್ಳುವ ಮೊದಲು ಸಿಮ್ಯುಲೇಶನ್: ಎಂಟು ಸಿಎನ್‌ಸಿ ಯಂತ್ರಗಳ ಶೆಡ್ಡಿಗೆ ಲೆಕ್ಕ ಹಾಕುವ ಬಗೆ

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಇಂಥ ಕಡೆಯ ಮಷೀನ್ ಶಾಪ್‌ಗಳಲ್ಲಿ ಯಂತ್ರ ನಿಂತರೆ ಸುದ್ದಿ ಕೊಡುವ ಸೆನ್ಸರ್ ಹಾಕಿ ಯಂತ್ರಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಮಾತು ಈಗ ಮಾಮೂಲಿ. ಕೊಟೇಶನ್ ಬರುತ್ತದೆ, ಬಣ್ಣಬಣ್ಣದ ಡ್ಯಾಶ್‌ಬೋರ್ಡ್ ತೋರಿಸುತ್ತಾರೆ, ಯಂತ್ರವೊಂದಕ್ಕೆ ಇಷ್ಟು ಎಂದು ದರ ಹೇಳುತ್ತಾರೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಯಂತ್ರ ನಿಂತಿತು ಎಂಬ ಸುದ್ದಿ ಬಂದ ಮೇಲೆ ಯಾರು, ಎಷ್ಟು ನಿಮಿಷದಲ್ಲಿ, ಏನು ಮಾಡುತ್ತಾರೆ? ಇದಕ್ಕೆ ಉತ್ತರವನ್ನು ಹಣ ಕೊಡುವ ಮೊದಲೇ ಸಿಮ್ಯುಲೇಶನ್‌ನಿಂದ, ಅಂದರೆ ಶೆಡ್‌ನ ಮಾದರಿಯನ್ನು (ಮಾಡೆಲ್) ಕಂಪ್ಯೂಟರ್‌ನಲ್ಲಿ ಕಟ್ಟಿ ಓಡಿಸಿ, ಕಂಡುಕೊಳ್ಳಬಹುದು. ಉಚಿತ ಸಾಫ್ಟ್‌ವೇರ್ ಸಾಕು, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಹೀಗೊಂದು ಶೆಡ್: ಒಂದೇ ಬಗೆಯ ಜಾಬ್ ಮಾಡುವ 8 ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ಗಳು, ಎರಡು ಶಿಫ್ಟ್, ಶಿಫ್ಟಿಗೆ ಒಬ್ಬ ಸೆಟ್ಟರ್, ಅಂದರೆ ನಿಂತ ಯಂತ್ರವನ್ನು ಮತ್ತೆ ಹೊಂದಿಸಿ ಓಡಿಸುವವನು. ಸೈಕಲ್ 5 ನಿಮಿಷ, ಜಾಬ್ ಇಳಿಸಿ ಹೊಸದನ್ನು ಚಕ್‌ಗೆ ಹಿಡಿಸಲು 40 ಸೆಕೆಂಡು. ಇನ್ಸರ್ಟ್ (ಲೋಹ ಕತ್ತರಿಸುವ ಬಿಡಿ ಅಲಗು) ಸವೆದೋ, ಅಳತೆ ತಪ್ಪಿಯೋ, ಅಲಾರಂ ಬಂದೋ ಪ್ರತಿ ಯಂತ್ರವೂ ಸರಾಸರಿ 60 ನಿಮಿಷ ಓಡಿದ ಮೇಲೆ ಒಮ್ಮೆ ನಿಲ್ಲುತ್ತದೆ. ಅಂಕಿಗಳು ನಿಮ್ಮಲ್ಲಿ ಬೇರೆಯಿರುತ್ತವೆ, ದಾರಿ ಇದೇ.

ನಿಲುಗಡೆಯನ್ನು ಒಡೆದು ಬರೆಯಿರಿ

ಲಾಗ್ ಬುಕ್‌ನಲ್ಲಿ "ಬ್ರೇಕ್‌ಡೌನ್ 20 ನಿಮಿಷ" ಎಂದಷ್ಟೇ ಇರುತ್ತದೆ. ಅದು ಮಾಡೆಲ್‌ಗೆ ಉಪಯೋಗವಿಲ್ಲ. ಆ 20 ನಿಮಿಷದಲ್ಲಿ ಮೂರು ಬೇರೆ ಬೇರೆ ಕಾಲಗಳಿವೆ. ಯಂತ್ರ ನಿಂತಿದ್ದು ಯಾರಿಗಾದರೂ ಗೊತ್ತಾಗುವವರೆಗಿನದು ಮೊದಲನೆಯದು. ಒಬ್ಬ ಆಪರೇಟರ್ ಎರಡು ಮೂರು ಯಂತ್ರ ನೋಡಿಕೊಳ್ಳುವ ಕಡೆ ಇದು ದೊಡ್ಡದು. ನಮ್ಮ ಉದಾಹರಣೆಯಲ್ಲಿ 6 ನಿಮಿಷ. ಎರಡನೆಯದು, ಸೆಟ್ಟರ್ ಇನ್ನೊಂದು ಯಂತ್ರದಲ್ಲಿ ಸಿಕ್ಕಿಕೊಂಡಿದ್ದಾಗ ಕಾಯುವ ಕಾಲ. ಮೂರನೆಯದು ಸೆಟ್ಟರ್ ನಡೆದು ಬಂದು ಇನ್ಸರ್ಟ್ ಬದಲಿಸಿ, ಆಫ್‌ಸೆಟ್ (ಅಳತೆಯ ತಿದ್ದುಪಡಿ) ಕೊಟ್ಟು, ಮೊದಲ ಪೀಸ್ ಅಳೆದು ಬಿಡುವ ಕಾಲ. ಇಲ್ಲಿ 7 ನಿಮಿಷ.

ಸೆನ್ಸರ್ ಕಡಿಮೆ ಮಾಡುವುದು ಮೊದಲನೆಯದನ್ನು ಮಾತ್ರ. ಮೂರನೆಯದು ಸೆಟ್ಟರ್ ಕೈಯಲ್ಲಿದೆ. ಎರಡನೆಯದನ್ನು ನೀವು ಮಾಡೆಲ್‌ಗೆ ಕೊಡಲೇಬಾರದು, ಮಾಡೆಲ್ ನಿಮಗೆ ಕೊಡಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಲಾಗ್ ಬುಕ್‌ನ ಒಟ್ಟು 20 ನಿಮಿಷವನ್ನು ರಿಪೇರಿ ಕಾಲ ಎಂದು ಹಾಕಿ, ಜೊತೆಗೆ ಒಬ್ಬನೇ ಸೆಟ್ಟರ್ ಎಂದೂ ಹಾಕುತ್ತಾರೆ. ಆಗ ಕಾಯುವ ಕಾಲ ಎರಡೆರಡು ಸಲ ಲೆಕ್ಕಕ್ಕೆ ಬಂದು, ಶೆಡ್ ನಿಜಕ್ಕಿಂತ ಬಹಳ ಕೆಟ್ಟದಾಗಿ ಕಾಣುತ್ತದೆ, ಸೆನ್ಸರ್ ಬಹಳ ಒಳ್ಳೆಯದಾಗಿ ಕಾಣುತ್ತದೆ.

ಅಂಕಿ ಕೂಡಿಹಾಕಲು ಎರಡು ವಾರ ಸಾಕು. ಪ್ರತಿ ಯಂತ್ರದ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ನಾಲ್ಕೇ ಕಾಲಂ: ನಿಂತ ಹೊತ್ತು, ಆಪರೇಟರ್ ಕಂಡ ಹೊತ್ತು, ಸೆಟ್ಟರ್ ಕೈಹಾಕಿದ ಹೊತ್ತು, ಮತ್ತೆ ಓಡಿದ ಹೊತ್ತು. ಕಾರಣದ ಕಾಲಂ ಉದ್ದ ಮಾಡಿದರೆ ಯಾರೂ ತುಂಬುವುದಿಲ್ಲ. ಬರೆದ ಅಂಕಿಗಳೆಲ್ಲ 5, 10, 15 ಎಂದು ಉರುಟಾಗಿ ಬರುತ್ತವೆ, 3 ನಿಮಿಷದ ನಿಲುಗಡೆಗಳು ಹಾಳೆಗೆ ಏರುವುದೇ ಇಲ್ಲ. ನಿಂತ ಹೊತ್ತು ಆಪರೇಟರ್‌ಗೂ ಸರಿಯಾಗಿ ಗೊತ್ತಿರುವುದಿಲ್ಲ, ಕಂಡ ಹೊತ್ತನ್ನೇ ನಿಂತ ಹೊತ್ತು ಎಂದು ಬರೆದಿರುತ್ತಾನೆ. ಇದನ್ನು ಸರಿಮಾಡಲು ಎರಡು ಯಂತ್ರಗಳ ಸ್ಪಿಂಡಲ್ ಮೋಟಾರಿನ ಒಂದು ಫೇಸ್‌ಗೆ ಬಿಚ್ಚಿ ಮುಚ್ಚುವಂಥ ಕರೆಂಟ್ ಟ್ರಾನ್ಸ್‌ಫಾರ್ಮರ್ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಸುರುಳಿ) ಹಾಕಿ, ಸೆಕೆಂಡಿಗೊಮ್ಮೆ ಅಳತೆ ದಾಖಲಿಸಿ. ಕಟಿಂಗ್, ಖಾಲಿ ಓಟ, ನಿಲುಗಡೆ ಮೂರೂ ಆ ದಾಖಲೆಯ ಗ್ರಾಫ್ ಗೆರೆಯಲ್ಲಿ ಬೇರೆ ಬೇರೆ ಎತ್ತರದಲ್ಲಿ ಕಾಣುತ್ತವೆ. ಪ್ಯಾನೆಲ್ ಕೆಲಸ ಎಲೆಕ್ಟ್ರಿಷಿಯನ್‌ನದು, ಮೇನ್ ಆಫ್ ಮಾಡಿಯೇ ಆಗಬೇಕು. ಕರೆಂಟ್ ಔಟ್‌ಪುಟ್ ಕೊಡುವ ಟ್ರಾನ್ಸ್‌ಫಾರ್ಮರ್ ಆಗಿದ್ದರೆ, ವೈರಿನಲ್ಲಿ ವಿದ್ಯುತ್ ಹರಿಯುವಾಗ ಅದರ ಸೆಕೆಂಡರಿಯನ್ನು, ಅಂದರೆ ಅಳತೆ ಹೊರಬರುವ ತಂತಿಗಳನ್ನು, ಬಿಚ್ಚಿಡಕೂಡದು. ಅಪಾಯದ ವೋಲ್ಟೇಜ್ ಏಳುತ್ತದೆ.

ಸಾಫ್ಟ್‌ವೇರ್‌ಗೆ ಮೊದಲು ಎಕ್ಸೆಲ್

ಈ ಶೆಡ್‌ನ ಲೆಕ್ಕವನ್ನು ಹತ್ತು ಸಾಲಿನ ಎಕ್ಸೆಲ್‌ನಲ್ಲೇ ಮಾಡಬಹುದು. ಆಮೇಲೆ ಕಟ್ಟುವ ಸಿಮ್ಯುಲೇಶನ್ ಸರಿಯಾಗಿದೆಯೇ ಎಂದು ತೂಗಿ ನೋಡಲು ಇದೇ ಕಲ್ಲು.

ಸೆಟ್ಟರ್ ಕೆಲಸದ 7 ನಿಮಿಷವನ್ನು, ಓಟದ 60 ಮತ್ತು ಗಮನಕ್ಕೆ ಬರುವ 6 ಸೇರಿಸಿದ 66ರಿಂದ ಭಾಗಿಸಿ: 0.106. ಸೆಟ್ಟರ್ ಬಳಿ ಯಾವ ಯಂತ್ರವೂ ಇಲ್ಲ, ಒಂದಿದೆ, ಎರಡಿವೆ, ಹೀಗೆ ಎಂಟರವರೆಗಿನ ಸ್ಥಿತಿಗಳಿಗೆ ಒಂದೊಂದು ಸಾಲು, ಆ ಸ್ಥಿತಿ ಎಷ್ಟು ಹೊತ್ತು ಇರುತ್ತದೆ ಎಂಬುದರ ತೂಕ ಅದರಲ್ಲಿ. ಮೊದಲ ಸಾಲಿನಲ್ಲಿ 1 ಬರೆಯಿರಿ. ಎರಡನೆಯ ಸಾಲು, 1 × 8 × 0.106 = 0.848. ಮೂರನೆಯದು, 0.848 × 7 × 0.106 = 0.630. ನಂತರ 6ರಿಂದ, 5ರಿಂದ ಹೀಗೆ 1ರವರೆಗೆ ಗುಣಿಸುತ್ತ ಇಳಿದರೆ 0.401, 0.213, 0.090, 0.029, 0.006, 0.001 ಬರುತ್ತವೆ. ಎಲ್ಲವನ್ನೂ ಕೂಡಿದರೆ ಸುಮಾರು 3.22. 1ನ್ನು ಅದರಿಂದ ಭಾಗಿಸಿದರೆ 0.311, ಅಂದರೆ ಸೆಟ್ಟರ್ ಬಿಡುವಾಗಿರುವ ಪಾಲು ಶೇ 31. ಉಳಿದ 0.689ನ್ನು 7ರಿಂದ ಭಾಗಿಸಿದರೆ ನಿಮಿಷಕ್ಕೆ 0.0985 ರಿಪೇರಿ. ಅದನ್ನು 60ರಿಂದ ಗುಣಿಸಿದರೆ 5.91. ಎಂಟರಲ್ಲಿ ಯಾವ ಹೊತ್ತಿಗೂ ಸರಾಸರಿ 5.91 ಯಂತ್ರ ಓಡುತ್ತಿವೆ, ಶೇ 73.8.

ಒಂದು ನಿಲುಗಡೆಯಿಂದ ಮುಂದಿನ ನಿಲುಗಡೆಗೆ ಒಂದು ಯಂತ್ರಕ್ಕೆ ಆಗುವ ಕಾಲ 8 ÷ 0.0985, ಸುಮಾರು 81.2 ನಿಮಿಷ. ಅದರಲ್ಲಿ 60, 6, 7 ಕಳೆದರೆ 8.2 ನಿಮಿಷ ಉಳಿಯುತ್ತದೆ. ಸೆಟ್ಟರ್‌ಗಾಗಿ ಕಾದಿದ್ದು ಅಷ್ಟು. ಕಾಲು ಭಾಗಕ್ಕಿಂತ ಹೆಚ್ಚು ಹೊತ್ತು ಸೆಟ್ಟರ್ ಖಾಲಿ ಇದ್ದರೂ ಯಂತ್ರಗಳು ಅಷ್ಟು ಕಾಯುತ್ತವೆ, ಏಕೆಂದರೆ ನಿಲುಗಡೆಗಳು ಸರದಿಯಲ್ಲಿ ಬರುವುದಿಲ್ಲ, ಒಟ್ಟೊಟ್ಟಿಗೆ ಬರುತ್ತವೆ.

ಸಿಮ್‌ಪೈನಲ್ಲಿ ಕಟ್ಟುವುದು

ಎಕ್ಸೆಲ್ ಲೆಕ್ಕಕ್ಕೆ ಶಿಫ್ಟ್ ಬದಲಾವಣೆ ಗೊತ್ತಿಲ್ಲ, ಊಟದ ಹೊತ್ತು ಗೊತ್ತಿಲ್ಲ, ಇನ್ಸರ್ಟ್ ಎಣಿಕೆ ಗೊತ್ತಿಲ್ಲ. ಅದಕ್ಕೇ ಸಿಮ್ಯುಲೇಶನ್ ಬೇಕು. ಪೈಥಾನ್ ಬಲ್ಲವರಿಗೆ ಸಿಮ್‌ಪೈ ಲೈಬ್ರರಿ, ಕೋಡ್ ಬರೆಯದವರಿಗೆ ಚಿತ್ರ ಎಳೆದು ಜೋಡಿಸುವ ಜಾಮ್‌ಸಿಮ್. ಎರಡೂ ಉಚಿತ. ದುಬಾರಿ ಪ್ಯಾಕೇಜ್‌ಗಳ ಮೂರು ಆಯಾಮದ ಚಿತ್ರ ಗಿರಾಕಿಗೆ ತೋರಿಸಲು ಚೆಂದ, ಉತ್ತರವನ್ನೇನೂ ಬದಲಿಸುವುದಿಲ್ಲ.

ಸಿಮ್‌ಪೈನಲ್ಲಿ ಪ್ರತಿ ಯಂತ್ರವೂ ಒಂದು ಪ್ರೋಸೆಸ್ (ತನ್ನಷ್ಟಕ್ಕೆ ನಡೆಯುವ ಹೆಜ್ಜೆಗಳ ಸಾಲು), ಸೆಟ್ಟರ್ ಒಂದು ರಿಸೋರ್ಸ್ (ಸರದಿಯಲ್ಲಿ ಹಂಚಿಕೊಳ್ಳುವಂಥದ್ದು), ಅವನ ಕೆಪಾಸಿಟಿ 1, ಅಂದರೆ ಒಮ್ಮೆಗೆ ಒಂದೇ ಯಂತ್ರ. ಯಂತ್ರದ ಪ್ರೋಸೆಸ್ ಕೊನೆಯಿಲ್ಲದ ಲೂಪ್‌ನಲ್ಲಿ ಸುತ್ತುತ್ತದೆ: ಮುಂದಿನ ನಿಲುಗಡೆಯವರೆಗಿನ ಕಾಲವನ್ನು ಆರಿಸಿ ಅಷ್ಟು ಟೈಮ್‌ಔಟ್ (ಕಾಯುವುದು), ಆಮೇಲೆ ಗಮನಕ್ಕೆ ಬರುವ ಕಾಲದ ಟೈಮ್‌ಔಟ್, ಆಮೇಲೆ ಸೆಟ್ಟರ್‌ಗೆ ರಿಕ್ವೆಸ್ಟ್, ಸಿಕ್ಕಿದ ಮೇಲೆ ರಿಪೇರಿ ಟೈಮ್‌ಔಟ್, ರಿಲೀಸ್. ಗಮನಕ್ಕೆ ಬರುವ ಕಾಲವನ್ನು ರಿಕ್ವೆಸ್ಟ್‌ಗೆ ಮೊದಲು ಇಡಬೇಕು. ನಂತರ ಇಟ್ಟರೆ, ಯಂತ್ರ ನಿಂತದ್ದು ಗೊತ್ತೇ ಇಲ್ಲದ ಸೆಟ್ಟರ್ ಅದರ ಮುಂದೆ ನಿಂತು ಕಾಯುತ್ತಿದ್ದಾನೆ ಎಂದಾಗುತ್ತದೆ. ಪ್ರೋಗ್ರಾಂ ತಪ್ಪು ತೋರಿಸದೆ ಓಡುತ್ತದೆ, ಸಂಖ್ಯೆ ಮಾತ್ರ ಕೆಟ್ಟಿರುತ್ತದೆ.

ಮೊದಲ ಓಟದಲ್ಲಿ ಓಟದ ಕಾಲಕ್ಕೂ ರಿಪೇರಿ ಕಾಲಕ್ಕೂ ಎಕ್ಸ್‌ಪೊನೆನ್ಶಿಯಲ್ ಹಂಚಿಕೆ (ಸರಾಸರಿ ಅದೇ, ಒಂದೊಂದು ಸಲದ ಕಾಲ ಮಾತ್ರ ಬಹಳ ಏರುಪೇರು) ಹಾಕಿ, 390 ಗಂಟೆ ಓಡಿಸಿ. ಶಿಫ್ಟಿಗೆ ಏಳೂವರೆ ಗಂಟೆಯಂತೆ ಎರಡು ಶಿಫ್ಟ್, 26 ದಿನ. ಎಲ್ಲ ಯಂತ್ರಗಳೂ ಓಡುತ್ತಲೇ ಶುರುವಾಗುವುದರಿಂದ ಮೊದಲ ಕೆಲವು ಗಂಟೆ ಸುಳ್ಳು ಸುಖ ಕಾಣುತ್ತದೆ, ಅದನ್ನು ಬಿಟ್ಟು ಎಣಿಸಿ. ಬೇರೆ ಬೇರೆ ರ‍್ಯಾಂಡಮ್ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸಾಲನ್ನು ಶುರುಮಾಡುವ ಅಂಕಿ) ಕೊಟ್ಟು 20 ಸಲ ಓಡಿಸಿ ಸರಾಸರಿ ತೆಗೆಯಿರಿ. 73.8ಕ್ಕೆ ಅರ್ಧ ಶೇಕಡಾ ಒಳಗೆ ಬರಬೇಕು. ಬಾರದಿದ್ದರೆ ಮಾಡೆಲ್‌ನಲ್ಲಿ ತಪ್ಪಿದೆ, ಮುಂದಕ್ಕೆ ಹೋಗಬೇಡಿ. ಒಂದೇ ಶಿಫ್ಟ್ ಓಡಿಸಿ ನಂಬುವವರಿದ್ದಾರೆ. ಅಷ್ಟು ಚಿಕ್ಕ ಓಟದಲ್ಲಿ 68ಊ ಬರಬಹುದು, 80ಊ ಬರಬಹುದು. ಅದರ ಮೇಲೆ ಸೆನ್ಸರ್‌ನ ಲಾಭ ನಷ್ಟ ಹೇಳಲಾಗದು.

ತಾಳೆಯಾದ ಮೇಲೆ ನಿಜದ ಹಂಚಿಕೆಗಳನ್ನು ಒಂದೊಂದಾಗಿ ತುಂಬಿ. ಸಿಎನ್‌ಸಿ ಸೈಕಲ್ ಹೆಚ್ಚುಕಡಿಮೆ ಸ್ಥಿರ, ಅದಕ್ಕೆ ಏರುಪೇರು ಬೇಡ. ಲೋಡಿಂಗ್ ಕಾಲಕ್ಕೂ ರಿಪೇರಿ ಕಾಲಕ್ಕೂ ಲಾಗ್‌ನಾರ್ಮಲ್ ಹೊಂದುತ್ತದೆ, ಹೆಚ್ಚಿನವು ಬೇಗ ಮುಗಿದು ಕೆಲವು ಬಹಳ ಎಳೆಯುವುದರಿಂದ. ನಾರ್ಮಲ್ ಹಾಕಿದರೆ ಆಗೊಮ್ಮೆ ಈಗೊಮ್ಮೆ ಋಣ ಸಂಖ್ಯೆ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಇನ್ಸರ್ಟ್ ಸವೆತ ಪೀಸ್ ಎಣಿಕೆಯ ಮೇಲೆ, ಗಡಿಯಾರದ ಮೇಲಲ್ಲ. ಹಾಗೆಯೇ, ಮುಂದಿನ ನಿಲುಗಡೆಗೆ ಎಣಿಸುವ ಗಡಿಯಾರ ಯಂತ್ರ ಓಡುವಾಗ ಮಾತ್ರ ಓಡಬೇಕು. ಊಟದ ಹೊತ್ತಿನಲ್ಲಿ, ಕರೆಂಟ್ ಹೋದಾಗ ಅದೂ ನಿಲ್ಲಬೇಕು. ಕೊನೆಗೆ ಕಳೆದ ತಿಂಗಳ ಪ್ರೊಡಕ್ಷನ್ ರಿಜಿಸ್ಟರ್ ಪಕ್ಕಕ್ಕಿಟ್ಟು ನೋಡಿ. ಮಾಡೆಲ್‌ನ ಪೀಸ್ ಸಂಖ್ಯೆ ರಿಜಿಸ್ಟರಿಗಿಂತ ಶೇ 5ಕ್ಕಿಂತ ಹೆಚ್ಚು ಆಚೀಚೆ ಇದ್ದರೆ ಸೂಪರ್‌ವೈಸರ್ ಜೊತೆ ಕುಳಿತು ಕಾರಣ ಹುಡುಕಿ. ಹೆಚ್ಚಿನ ಸಲ ಸಿಗುವುದು ಯಾರೂ ಬರೆಯದ ಒಂದು ನಿಲುಗಡೆ: ಕಚ್ಚಾ ಮಾಲು ಬಾರದಿರುವುದು, ಚಿಪ್ಸ್ ತೆಗೆಯುವುದು, ಗೇಜ್‌ಗಾಗಿ ಇನ್ಸ್‌ಪೆಕ್ಷನ್ ಮುಂದೆ ನಿಲ್ಲುವುದು.

ಸೆನ್ಸರ್‌ಗೆ ಎದುರಾಳಿಗಳನ್ನು ನಿಲ್ಲಿಸಿ

ಸೆನ್ಸರ್ ಹಾಕಿದರೆ ಗಮನಕ್ಕೆ ಬರುವ ಕಾಲ 6ರಿಂದ 2 ನಿಮಿಷಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಸೊನ್ನೆ ಯಾಕಲ್ಲ ಎಂಬುದು ಮುಂದೆ ಬರುತ್ತದೆ. ಸೆನ್ಸರ್ ಇದ್ದರೆ, ಇಲ್ಲದಿದ್ದರೆ ಎಂದು ಎರಡನ್ನೇ ಹೋಲಿಸಿದರೆ ಸೆನ್ಸರ್ ಗೆಲ್ಲದೆ ಇರುವುದಿಲ್ಲ. ಅದೇ ಹಣಕ್ಕೆ, ಅಥವಾ ಹಣವೇ ಇಲ್ಲದೆ, ಬೇರೇನು ಮಾಡಬಹುದು ಎಂಬುದನ್ನೂ ಓಡಿಸಬೇಕು. ಎಕ್ಸ್‌ಪೊನೆನ್ಶಿಯಲ್ ಲೆಕ್ಕದಲ್ಲಿ ಯಂತ್ರಗಳು ಓಡುವ ಪಾಲು ಹೀಗೆ:

ಈಗಿರುವ ಸ್ಥಿತಿ: ಶೇ 73.8
ಸೆನ್ಸರ್ ಮಾತ್ರ: ಶೇ 77.0
ಇನ್ಸರ್ಟ್, ಕೀ, ಗೇಜ್ ಎಲ್ಲ ಮೊದಲೇ ಜೋಡಿಸಿದ ಟ್ರೇ ಇಟ್ಟು ಸೆಟ್ಟರ್ ಕೆಲಸ 7ರಿಂದ 5 ನಿಮಿಷಕ್ಕೆ: ಶೇ 80.2
ಇಬ್ಬರು ಸೆಟ್ಟರ್: ಶೇ 81.4
ಟ್ರೇ ಮತ್ತು ಸೆನ್ಸರ್: ಶೇ 84.4
ಇಬ್ಬರು ಸೆಟ್ಟರ್ ಮತ್ತು ಸೆನ್ಸರ್: ಶೇ 86.0

ತಿಂಗಳ 390 ಗಂಟೆಗೆ ಎಂಟು ಯಂತ್ರಗಳ ಲೆಕ್ಕದಲ್ಲಿ, ಸೆನ್ಸರ್ ಒಂದೇ ಆದರೆ 97 ಯಂತ್ರ-ಗಂಟೆ ಸಿಗುತ್ತದೆ. ಟ್ರೇ ಒಂದೇ ಆದರೆ 199. ಎರಡೂ ಆದರೆ 329, ಬಿಡಿ ಲಾಭಗಳನ್ನು ಕೂಡಿದ್ದಕ್ಕಿಂತ ಹೆಚ್ಚು. ಕಾರಣ ಸರಳ. ಸುದ್ದಿ ಬೇಗ ಬಂದರೆ ಯಂತ್ರಗಳು ಬೇಗ ಸರದಿಗೆ ಸೇರುತ್ತವೆ, ಸರದಿ ಉದ್ದವಾಗುತ್ತದೆ. ಸೆನ್ಸರ್ ಉಳಿಸಿದ 4 ನಿಮಿಷದಲ್ಲಿ ಮುಕ್ಕಾಲು ನಿಮಿಷದಷ್ಟನ್ನು ಸೆಟ್ಟರ್‌ಗೆ ಕಾಯುವುದೇ ನುಂಗುತ್ತದೆ. ಸೆಟ್ಟರ್ ಕೈ ಹಗುರವಾದ ಮೇಲೆ ಅದೇ ಸೆನ್ಸರ್ 3.1ರ ಬದಲು 4.2 ಶೇಕಡಾ ಅಂಶ ತರುತ್ತದೆ. ಆದ್ದರಿಂದ ಈ ಶೆಡ್‌ಗೆ ನಮ್ಮ ಸಲಹೆ ಖಚಿತ: ಮೊದಲು ಟ್ರೇ, ಆಮೇಲೆ ಸೆನ್ಸರ್. ಮಾರುವವರು ಈ ಕ್ರಮವನ್ನು ಹೇಳುವುದಿಲ್ಲ, ಟ್ರೇ ಅವರ ಬಳಿ ಇಲ್ಲ.

ಇಂಥ ಹೋಲಿಕೆ ಮಾಡುವಾಗ ಎಲ್ಲ ಆಯ್ಕೆಗಳಿಗೂ ಅದೇ 20 ಸೀಡ್ ಬಳಸಿ, ಪ್ರತಿ ಯಂತ್ರಕ್ಕೂ ಬೇರೆ ರ‍್ಯಾಂಡಮ್ ಸಾಲು ಕೊಡಿ. ಆಗ ಅವೇ ನಿಲುಗಡೆಗಳನ್ನು ಪ್ರತಿ ಆಯ್ಕೆಯೂ ಎದುರಿಸುತ್ತದೆ. ಸೀಡ್‌ವಾರು ವ್ಯತ್ಯಾಸ ತೆಗೆದು, ಆ 20 ವ್ಯತ್ಯಾಸಗಳ ಸರಾಸರಿ ನೋಡಿ. ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ಅನ್ನು 20ರ ವರ್ಗಮೂಲದಿಂದ ಭಾಗಿಸಿ 2.09ರಿಂದ ಗುಣಿಸಿದರೆ ಶೇ 95 ಭರವಸೆಯ ಅಂತರ ಸಿಗುತ್ತದೆ. ಸರಾಸರಿ ವ್ಯತ್ಯಾಸ ಈ ಅಂತರಕ್ಕಿಂತ ಚಿಕ್ಕದಾದರೆ ಎರಡು ಆಯ್ಕೆಗಳಲ್ಲಿ ಯಾವುದು ಮೇಲು ಎಂದು ಹೇಳಬೇಡಿ.

ನಿಂತಿದೆ ಎಂದು ತೀರ್ಮಾನಿಸಲು ಎಷ್ಟು ಸೆಕೆಂಡು?

ಕೊಟೇಶನ್‌ನಲ್ಲಿ "ತಕ್ಷಣ ಅಲರ್ಟ್" ಎಂದಿರುತ್ತದೆ. ಯಂತ್ರದ ಕಂಟ್ರೋಲರ್‌ನಿಂದಲೇ ಅಲಾರಂ ಓದುವುದಾದರೆ ಅದು ನಿಜ. ಈಥರ್ನೆಟ್ ಇರುವ ಫ್ಯಾನಕ್ ಕಂಟ್ರೋಲರ್ ಆದರೆ ಫ್ಯಾನಕ್‌ನದೇ ಸಾಫ್ಟ್‌ವೇರ್ ಲೈಬ್ರರಿಯಾದ ಫೋಕಾಸ್ ಮೂಲಕ, ಸಾಮಾನ್ಯವಾಗಿ 8193ನೇ ಪೋರ್ಟಿನಲ್ಲಿ ಓದಬಹುದು; ಯಂತ್ರದ ಅಂಕಿ ಓದುವ ಸಾಮಾನ್ಯ ಭಾಷೆಯಾದ ಓಪಿಸಿ ಯುಎ ಇರುವ ಕಂಟ್ರೋಲರ್‌ಗಳೂ ಇವೆ, ಆದರೆ ಲೈಸೆನ್ಸ್ ಪ್ರತ್ಯೇಕವೇ ಎಂದು ಮೊದಲೇ ಕೇಳಿ. ಹಳೆಯ ಯಂತ್ರಗಳಲ್ಲಿ ಉಳಿಯುವುದು ಟವರ್ ಲ್ಯಾಂಪ್‌ನ 24 ವೋಲ್ಟ್ ಸಿಗ್ನಲ್ ಅಥವಾ ಕರೆಂಟ್ ಅಳತೆ. ಇನ್ಸರ್ಟ್ ಮುರಿದಿದೆ ಎಂದು ಆಪರೇಟರ್ ಸೈಕಲ್ ಒತ್ತದೆ ಬಿಟ್ಟರೆ ಯಾವ ಅಲಾರಮ್ಮೂ ಬರುವುದಿಲ್ಲ. ಆಗ ಯಂತ್ರ ಇಷ್ಟು ಸೆಕೆಂಡು ಸುಮ್ಮನಿದೆ ಎಂಬುದೇ ಗುರುತು. ಲೋಡಿಂಗ್ ಹೊತ್ತಿನಲ್ಲೂ ಯಂತ್ರ ಸುಮ್ಮನೇ ಇರುತ್ತದೆ, ತೊಡಕು ಅದೇ.

ಲೋಡಿಂಗ್‌ನ ಮಧ್ಯಕ 40 ಸೆಕೆಂಡು, ಲಾಗ್‌ನಾರ್ಮಲ್ ಸಿಗ್ಮಾ (ಹರಡಿಕೆಯ ಅಳತೆ) 0.4 ಎಂದಾದರೆ, 60 ಸೆಕೆಂಡು ಮೀರುವ ಲೋಡಿಂಗ್ ಶೇ 15ರಷ್ಟು, 90 ಮೀರುವುದು ಶೇ 2ರಷ್ಟು, 120 ಮೀರುವುದು ಶೇ 0.3. ಸೆನ್ಸರ್ ಹಾಕಿದ ಮೇಲೆ ಈ ಶೆಡ್‌ನಲ್ಲಿ ಗಂಟೆಗೆ ಸುಮಾರು 65 ಲೋಡಿಂಗ್ ಆಗುತ್ತವೆ. ಮಿತಿ 60 ಸೆಕೆಂಡು ಇಟ್ಟರೆ ಗಂಟೆಗೆ ಹತ್ತು ಸುಳ್ಳು ಅಲರ್ಟ್, ನಿಜವಾದವು ಆರು. ಎರಡೇ ದಿನದಲ್ಲಿ ಸೆಟ್ಟರ್ ಫೋನ್ ಸೈಲೆಂಟ್ ಮಾಡುತ್ತಾನೆ, ಮತ್ತು ಅವನು ಮಾಡುವುದು ಸರಿಯೇ. 90 ಸೆಕೆಂಡಿಗೆ ಸುಳ್ಳು ಅಲರ್ಟ್ ಗಂಟೆಗೆ ಒಂದೋ ಎರಡೋ. 120ಕ್ಕೆ ಐದು ಗಂಟೆಗೊಂದು. 90 ಸೆಕೆಂಡು ಕಾದು, ಸೆಟ್ಟರ್ ಕಣ್ಣಿಗೆ ಬೀಳಲು ಅರ್ಧ ನಿಮಿಷ ಸೇರಿಸಿದರೆ ಮೇಲೆ ಹಾಕಿದ 2 ನಿಮಿಷ. ಸುಳ್ಳು ಅಲರ್ಟ್‌ಗೆ ಸೆಟ್ಟರ್ ನಡೆದು ಹೋಗಿ ಬರುವ ಒಂದು ನಿಮಿಷವನ್ನೂ ಮಾಡೆಲ್‌ನಲ್ಲಿ ಸೆಟ್ಟರ್ ಕೆಲಸವಾಗಿ ಹಾಕಿ, ಮಿತಿಯನ್ನು 60ರಿಂದ 180ರವರೆಗೆ ಹದಿನೈದು ಹದಿನೈದು ಸೆಕೆಂಡು ಏರಿಸುತ್ತ ಓಡಿಸಿ. ನಿಮ್ಮ ಜಾಬ್‌ಗೆ ಸರಿಯಾದ ಮಿತಿ ಅಲ್ಲಿ ಕಾಣುತ್ತದೆ.

ಇದಕ್ಕಿಂತ ಒಳ್ಳೆಯ ಉಪಯೋಗ ಪೀಸ್ ಕೌಂಟರ್‌ನದು. ಇನ್ಸರ್ಟ್ 60 ಪೀಸ್‌ಗೆ ಸವೆಯುತ್ತದೆ ಎಂದಾದರೆ 58ನೆಯದಕ್ಕೇ ಸೆಟ್ಟರ್‌ಗೆ ತಿಳಿಸಬಹುದು. ಗಮನಕ್ಕೆ ಬರುವ ಕಾಲ ಆಗ ಸೊನ್ನೆ, ಮತ್ತು ಎರಡು ಯಂತ್ರ ಒಟ್ಟಿಗೆ ಬರುವುದಾದರೆ ಒಂದನ್ನು ಎರಡು ಪೀಸ್ ಮೊದಲೇ ಮುಗಿಸಬಹುದು. ನಿಮ್ಮ ನಿಲುಗಡೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ಸರ್ಟ್ ಬದಲಾವಣೆಯೇ ಆಗಿದ್ದರೆ ಮೊದಲು ಓಡಿಸಬೇಕಾದ ಆಯ್ಕೆ ಇದು.

ತಂತಿಯಲ್ಲಿ ಆಗುವ ತಡ

ಯಂತ್ರಗಳ ಕರೆಂಟ್ ಅಳೆಯುವ ಎನರ್ಜಿ ಮೀಟರ್‌ಗಳನ್ನು ಆರ್‌ಎಸ್-485 ಎಂಬ ಬಗೆಯ ಸಿಗ್ನಲ್ ತಂತಿಯಲ್ಲಿ ಮಾಡ್‌ಬಸ್ (ಪ್ರಶ್ನೆ-ಉತ್ತರದ ಸಂವಹನ ಪದ್ಧತಿ) ಮೂಲಕ ಓದುವಾಗ, ಅಂಕಿಗಳನ್ನು ಕೂಡಿಸಿ ನೆಟ್‌ವರ್ಕ್‌ಗೆ ದಾಟಿಸುವ ಗೇಟ್‌ವೇ ಒಂದೊಂದನ್ನೇ ಸರದಿಯಲ್ಲಿ ಕೇಳುತ್ತದೆ. ಮೀಟರಿನ 20 ರಿಜಿಸ್ಟರ್ (ಅಂಕಿ ಇಡುವ ಖಾನೆ) ಓದಲು ಪ್ರಶ್ನೆ 8 ಬೈಟ್, ಉತ್ತರ 45 ಬೈಟ್. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) ಪ್ಯಾರಿಟಿ ಸೇರಿ ಬೈಟಿಗೆ 11 ಬಿಟ್ ಎಂದರೆ 53 ಬೈಟಿಗೆ ಸುಮಾರು 61 ಮಿಲಿಸೆಕೆಂಡು. ನಡುವಿನ ಮೌನಕ್ಕೆ 8, ಮೀಟರ್ ಯೋಚಿಸಲು 40 ಎಂದು ಹಿಡಿದರೆ ಒಂದು ಮೀಟರಿಗೆ ಹತ್ತಿರ ಹತ್ತಿರ 110. ಎಂಟು ಮೀಟರ್ ಸುತ್ತಿ ಬರಲು 0.9 ಸೆಕೆಂಡು, ಮುಂದೆ 24 ಮೀಟರ್ ಆದರೆ 2.6 ಸೆಕೆಂಡು. ನಿಲುಗಡೆ ಹಿಡಿಯಲು ಇಷ್ಟು ಧಾರಾಳ. ಆದರೆ ಒಂದು ಮೀಟರ್ ಸತ್ತರೆ? ಉತ್ತರಕ್ಕೆ ಕಾಯುವ ಟೈಮ್‌ಔಟ್ 1 ಸೆಕೆಂಡು, ಒಟ್ಟು ಮೂರು ಪ್ರಯತ್ನ ಎಂದಿದ್ದರೆ ಪ್ರತಿ ಸುತ್ತಿಗೂ 3 ಸೆಕೆಂಡು ಸೇರಿ ಎಲ್ಲ ಯಂತ್ರಗಳ ಅಂಕಿಯೂ ತಡವಾಗುತ್ತದೆ. ಟೈಮ್‌ಔಟ್ 200 ಮಿಲಿಸೆಕೆಂಡಿಗೆ ಇಳಿಸಿ, ಉತ್ತರ ಕೊಡದ ಮೀಟರನ್ನು ನಿಮಿಷಕ್ಕೊಮ್ಮೆ ಮಾತ್ರ ಕೇಳುವಂತೆ ಮಾಡಿ.

ತಂತಿ ತಿರುಚಿದ ಜೋಡಿ, ಶೀಲ್ಡ್ ಇರುವಂಥದ್ದು; ಎರಡೂ ತುದಿಗೆ 120 ಓಮ್ ರೆಸಿಸ್ಟರ್; ಶೀಲ್ಡ್ ಒಂದೇ ಕಡೆ ಅರ್ಥ್. ಡ್ರೈವ್‌ಗಳ ಪವರ್ ಕೇಬಲ್ ಇರುವ ಕೇಬಲ್ ಟ್ರೇನಲ್ಲಿ ಇದನ್ನು ಎಳೆದರೆ ಸ್ಪಿಂಡಲ್ ವೇಗ ಏರಿದಾಗಲೆಲ್ಲ ಉತ್ತರ ತಪ್ಪುತ್ತದೆ. ಮೀಟರ್ ಕೆಟ್ಟಿದೆ ಎಂದು ಬದಲಿಸುತ್ತ ಕೂರುತ್ತಾರೆ, ತಪ್ಪು ತಂತಿಯ ದಾರಿಯದು.

ಗೇಟ್‌ವೇಯಿಂದ ಮುಂದಕ್ಕೆ ಎಂಕ್ಯೂಟಿಟಿ (ಚಿಕ್ಕ ಸಂದೇಶಗಳನ್ನು ಸಾಗಿಸುವ ಪದ್ಧತಿ) ಬಳಸುವುದಾದರೆ ಎಲ್ಲವನ್ನೂ ಸೆಕೆಂಡಿಗೊಮ್ಮೆ ಕಳಿಸಬೇಡಿ. 8 ಯಂತ್ರ, ತಲಾ 10 ಅಂಕಿ, 16 ಗಂಟೆ ಎಂದರೆ ದಿನಕ್ಕೆ 46 ಲಕ್ಷ ಸಂದೇಶ. ತಲಾ 150 ಬೈಟ್ ಎಂದರೆ ಸುಮಾರು 690 ಎಂಬಿ. ಬದಲಾದಾಗ ಮಾತ್ರ ಕಳಿಸಿದರೆ ಇದರ ಸಣ್ಣ ಪಾಲು ಸಾಕು. ಪೀಸ್ ಎಣಿಕೆಯನ್ನು "ಒಂದು ಪೀಸ್ ಆಯಿತು" ಎಂದು ಕಳಿಸಬಾರದು. ಕ್ಯೂಒಎಸ್ (ಸಂದೇಶ ತಲುಪಿಸುವ ಭರವಸೆಯ ಮಟ್ಟ) 1ರಲ್ಲಿ ಅದೇ ಸಂದೇಶ ಎರಡು ಸಲ ಬರಬಹುದು, 0ರಲ್ಲಿ ಬಾರದೆಯೂ ಇರಬಹುದು. "ಈವರೆಗೆ 4,316" ಎಂದು ಒಟ್ಟು ಎಣಿಕೆ ಕಳಿಸಿದರೆ ಎರಡೂ ತೊಂದರೆಯಿಲ್ಲ. ಗೇಟ್‌ವೇಗಳ ಗಡಿಯಾರ ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಹೊತ್ತು ಸರಿಪಡಿಸುವ ಪದ್ಧತಿ) ಹೊಂದಿಸಿ, ಇಲ್ಲವಾದರೆ ಮುಂದೆ ಆ ದಾಖಲೆಯನ್ನು ಮಾಡೆಲ್‌ಗೆ ತುಂಬುವಾಗ ನಿಲ್ಲುವ ಮೊದಲೇ ರಿಪೇರಿಯಾದ ಯಂತ್ರಗಳು ಸಿಗುತ್ತವೆ.

ಉಳಿಸಿದ ಗಂಟೆ ಎಲ್ಲಿ ಹೋಗಿ ನಿಲ್ಲುತ್ತದೆ

ಲೇತ್‌ಗಳ ಆಚೆಗೂ ಮಾಡೆಲ್ ಹಿಗ್ಗಿಸಿ. ಒಂದು ಯಂತ್ರದ ಗಂಟೆಯ ಓಟಕ್ಕೆ 10.6 ಪೀಸ್‌ನಂತೆ ಈಗ ಗಂಟೆಗೆ 62.5 ಪೀಸ್ ಬರುತ್ತವೆ. ಮುಂದೆ ವಾಷಿಂಗ್ ಯಂತ್ರ ಒಂದೇ ಇದ್ದು, 24 ಪೀಸ್‌ನ ಬುಟ್ಟಿಗೆ ತೊಳೆದು ಒಣಗಿಸಲು 20 ನಿಮಿಷ ಹಿಡಿದರೆ ಅದರ ಮಿತಿ ಗಂಟೆಗೆ 72. ಈಗ ಅದು ಶೇ 87 ತುಂಬಿದೆ, ಸೆನ್ಸರ್ ಮಾತ್ರ ಹಾಕಿದರೆ ಶೇ 90.5. ಟ್ರೇ ಮತ್ತು ಸೆನ್ಸರ್ ಸೇರಿ 71.5 ಪೀಸ್ ಬಂದರೆ ಶೇ 99. ಇಲ್ಲಿ ವಾಷಿಂಗ್ ಮುಂದೆ ಟ್ರಾಲಿಗಳು ರಾಶಿ ಬೀಳುತ್ತವೆ, ನೆಲದಲ್ಲಿ ಜಾಗ ಸಾಲದೆ ಲೇತ್‌ಗಳನ್ನೇ ನಿಲ್ಲಿಸಬೇಕಾಗುತ್ತದೆ. ಇಬ್ಬರು ಸೆಟ್ಟರ್ ಮತ್ತು ಸೆನ್ಸರ್ ಆಯ್ಕೆಯಲ್ಲಿ 72ನ್ನೂ ಮೀರುತ್ತದೆ. ಬುಟ್ಟಿಯನ್ನು 30 ಪೀಸ್‌ಗೆ ಹಿಗ್ಗಿಸಲಾಗುತ್ತದೆಯೇ, ಒಣಗಿಸುವುದನ್ನು ಬೇರೆ ಮಾಡಲಾಗುತ್ತದೆಯೇ ಎಂದು ನೋಡದೆ ಲೇತ್‌ಗೆ ದುಡ್ಡು ಹಾಕಬೇಡಿ. ಸಿಮ್‌ಪೈನಲ್ಲಿ ನಡುವಿನ ಜಾಗಕ್ಕೆ ಮಿತಿಯಿರುವ ಸ್ಟೋರ್ (ಇಷ್ಟೇ ಪೀಸ್ ಹಿಡಿಯುವ ದಾಸ್ತಾನು) ಹಾಕಿ, ತುಂಬಿದಾಗ ಲೇತ್ ತಾನೇ ನಿಲ್ಲುವಂತೆ ಬರೆಯಿರಿ. ಮಿತಿ ಹಾಕದಿದ್ದರೆ ರಾಶಿ ಎಷ್ಟು ಬೇಕಾದರೂ ಬೆಳೆಯುತ್ತದೆ, ಲೇತ್‌ಗಳು ಚೆನ್ನಾಗಿ ಓಡುತ್ತಲೇ ಇರುತ್ತವೆ, ಡಿಸ್ಪ್ಯಾಚ್ ಮಾತ್ರ ಏರುವುದಿಲ್ಲ.

ವ್ಯವಸ್ಥೆ ಮಲಗಿದ ದಿನ

ಗೇಟ್‌ವೇ ಸತ್ತರೆ ಹಳೆಯ 6 ನಿಮಿಷಕ್ಕೆ ವಾಪಸ್ ಎಂದು ಎಲ್ಲರೂ ಭಾವಿಸುತ್ತಾರೆ. ಹಾಗಾಗುವುದಿಲ್ಲ. ಅಲರ್ಟ್ ಬರುತ್ತದೆ ಎಂಬ ನಂಬಿಕೆಯಲ್ಲಿ ಆಪರೇಟರ್‌ಗಳು ಸುತ್ತು ಹಾಕುವುದನ್ನೇ ಬಿಟ್ಟಿರುತ್ತಾರೆ. ಗಮನಕ್ಕೆ ಬರುವ ಕಾಲ 15 ನಿಮಿಷವಾದರೆ ಓಡುವ ಪಾಲು ಶೇ 67.4ಕ್ಕೆ ಬೀಳುತ್ತದೆ, ಸೆನ್ಸರ್ ಇಲ್ಲದ ದಿನಗಳಿಗಿಂತ ಕೆಳಗೆ. ಮೂರರಲ್ಲಿ ಒಂದು ಪಾಲು ಹೊತ್ತು ವ್ಯವಸ್ಥೆ ಹೀಗೆ ಸತ್ತಿದ್ದರೆ ಸೆನ್ಸರ್‌ನ ಲಾಭವೆಲ್ಲ ಅಳಿದುಹೋಗುತ್ತದೆ. ಆದ್ದರಿಂದ ಗೇಟ್‌ವೇ ಕೆಡುವುದನ್ನೂ ಒಂದು ಪ್ರೋಸೆಸ್ ಆಗಿ ಮಾಡೆಲ್‌ಗೆ ಸೇರಿಸಿ. ನೆಲದ ಮೇಲೆ ಮಾಡಬೇಕಾದದ್ದು: ಗೇಟ್‌ವೇ, ಸ್ವಿಚ್, ರೌಟರ್ ಮೂರನ್ನೂ ಯುಪಿಎಸ್ ಮೇಲಿಡಿ, ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಹೊತ್ತಿನಲ್ಲಿ ಇವು ರೀಸ್ಟಾರ್ಟ್ ಆಗಬಾರದು. ಎಂಕ್ಯೂಟಿಟಿಯ ಲಾಸ್ಟ್ ವಿಲ್ ಸಂದೇಶ (ಸಂಪರ್ಕ ಕಡಿದಾಗ ತಾನಾಗಿ ಹೊರಡುವಂಥದ್ದು) ಹೊಂದಿಸಿ, ಗೇಟ್‌ವೇ ಮಾತು ನಿಲ್ಲಿಸಿದರೆ ಪರದೆಯಲ್ಲಿ ಆ ಯಂತ್ರ ಬೂದು ಬಣ್ಣಕ್ಕೆ ತಿರುಗಲಿ. ಕೊನೆಯ ಹಸಿರು ಹಾಗೇ ನಿಂತಿರುವುದು ಎಲ್ಲಕ್ಕಿಂತ ಅಪಾಯ.

ಎರಡು ಯಂತ್ರದಿಂದ ಶುರು

ಎಂಟನ್ನೂ ಒಟ್ಟಿಗೆ ಜೋಡಿಸದೆ, ಹೆಚ್ಚು ನಿಲ್ಲುವ ಎರಡನ್ನು ಮೊದಲು ಜೋಡಿಸಿ ಒಂದು ತಿಂಗಳು ಓಡಿಸಿ. ಅಷ್ಟರಲ್ಲಿ ಮಾಡೆಲ್‌ಗೆ ಬೇಕಾದ ಮೂರು ಅಂಕಿ ಹಾಳೆಯ ಬದಲು ಯಂತ್ರದಿಂದಲೇ ಸಿಗುತ್ತವೆ: ನಿಲುಗಡೆಗಳ ನಡುವಿನ ಓಟ, ಅಲರ್ಟ್‌ನಿಂದ ಸೆಟ್ಟರ್ ಕೈಹಾಕುವವರೆಗೆ, ರಿಪೇರಿ. ಸೆಟ್ಟರ್ ಕೈಹಾಕಿದ ಹೊತ್ತು ತಾನಾಗಿ ದಾಖಲಾಗುವುದಿಲ್ಲ. ಯಂತ್ರದ ಪಕ್ಕ ಒಂದು ಪುಶ್ ಬಟನ್ ಹಾಕಿ, ಬಂದವನು ಒತ್ತಲಿ. ಆ ಅಂಕಿಗಳನ್ನು ತುಂಬಿ ಮಾಡೆಲ್ ಮತ್ತೆ ಓಡಿಸಿ, ಉಳಿದ ಆರು ಯಂತ್ರಗಳ ಆರ್ಡರ್ ಅದರ ಮೇಲೆ ತೀರ್ಮಾನಿಸಿ. ಅಲರ್ಟ್‌ನಿಂದ ಬಟನ್‌ವರೆಗಿನ ಕಾಲ ತಿಂಗಳ ಕೊನೆಗೂ ಇಳಿಯದಿದ್ದರೆ ಮೂರನೆಯ ಯಂತ್ರಕ್ಕೆ ಸೆನ್ಸರ್ ತರಿಸಬೇಡಿ, ಸೆಟ್ಟರ್‌ನ ಒಂದು ಶಿಫ್ಟನ್ನು ಪಕ್ಕದಲ್ಲಿ ನಿಂತು ನೋಡಿ.